ಠಾಣೆ, ಕುಪವಾಡ, ಖಾರ್ಘರ್: ಮಾತಿನ ಅರ್ಥ ಹುಡುಕಿದವರ ಹಾದಿ

ಹನ್ನೆರಡನೆಯ ಶತಮಾನದ ಮೊದಲರ್ಧ. ಕಾಶ್ಮೀರದ ಕವಿ ಮಂಖ ತಾನು ಬರೆದ ‘ಶ್ರೀಕಂಠಚರಿತ’ವನ್ನು ಅಣ್ಣ ಅಲಂಕಾರನ ಮನೆಯಲ್ಲಿ ಸೇರಿದ ವಿದ್ವಾಂಸರ ಮುಂದಿಟ್ಟ. ಅಂದು ಅಲ್ಲಿ ಯಾರ್ಯಾರು ಇದ್ದರೆಂಬುದನ್ನು ಕಾವ್ಯದ ಕೊನೆಯ ಸರ್ಗದಲ್ಲಿ ಹೆಸರು ಹಿಡಿದು ಬರೆದಿಟ್ಟಿದ್ದಾನೆ. ಆ ಸಾಲಿನಲ್ಲಿ ತೇಜಕಂಠ ಎಂಬ ದೂರದ ಅತಿಥಿಯೊಬ್ಬನಿದ್ದಾನೆ. ಅವನು ಕೊಂಕಣದ ಅರಸ ಅಪರಾದಿತ್ಯ ಕಳಿಸಿದ್ದ ರಾಯಭಾರಿ.

ಅಪರಾದಿತ್ಯ ಉತ್ತರ ಕೊಂಕಣದ ಶಿಲಾಹಾರ ಅರಸ. ಈ ವಂಶದ ಆಳ್ವಿಕೆಗೆ ಕೇಂದ್ರವಾಗಿದ್ದ ಸ್ಥಾನಕವೇ ಇಂದಿನ ಠಾಣೆ. ಶಿಲಾಹಾರರು ಮೊದಲು ರಾಷ್ಟ್ರಕೂಟರ ಸಾಮಂತರಾಗಿದ್ದವರು. ಒಂಬತ್ತನೆಯ ಶತಮಾನದ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅವರ ಹೆಸರಿನ ಜೊತೆಗೆ ಒಡೆಯನಾದ ಅಮೋಘವರ್ಷನ ಹೆಸರೂ ಇದೆ. ಕನ್ನಡಕ್ಕೆ ‘ಕವಿರಾಜಮಾರ್ಗ’ ಕೊಟ್ಟ ಆಸ್ಥಾನ ಅದೇ ಅಮೋಘವರ್ಷನದು. ಕಲ್ಯಾಣದಿಂದ ಕರ್ಜತ್ ಕಡೆಗೆ ಹೋಗುವ ಲೋಕಲ್ ಹಿಡಿದರೆ ಸ್ವಲ್ಪ ಹೊತ್ತಿಗೆ ಸಿಗುವ ಅಂಬರನಾಥದಲ್ಲಿ ಈ ವಂಶದ ಕಾಲದ ಶಿವಾಲಯವಿದೆ. ಅದರ ಶಾಸನ 1060ರದು. ವಾಸುದೇವ ವಿಷ್ಣು ಮಿರಾಶಿಯವರು 1977ರಲ್ಲಿ ಶಿಲಾಹಾರರ ಶಾಸನಗಳನ್ನೆಲ್ಲ ಒಂದು ಸಂಪುಟದಲ್ಲಿ ಒಟ್ಟುಗೂಡಿಸಿದ ಮೇಲೆ ಈ ಇತಿಹಾಸ ಕೈಗೆಟುಕುವಂತಾಯಿತು.

ಅಪರಾದಿತ್ಯನ ಹೆಸರನ್ನು ಉಳಿಸಿದ್ದು ಅವನ ಯುದ್ಧಗಳಲ್ಲ. ‘ಅಪರಾರ್ಕ’ ಎಂಬ ಹೆಸರಿನಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ದೊಡ್ಡ ವ್ಯಾಖ್ಯಾನ ಅವನನ್ನು ಉಳಿಸಿತು. ಆ ಗ್ರಂಥ ಕಾಶ್ಮೀರದ ಪಂಡಿತರಲ್ಲಿ ಪ್ರಮಾಣಗ್ರಂಥವಾಗಿ ಬೇರೂರಿತು. ಅವನಿಗಿಂತ ಒಂದು ತಲೆಮಾರು ಹಿಂದೆ ಇನ್ನೊಂದು ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಇದೇ ಸ್ಮೃತಿಗೆ ‘ಮಿತಾಕ್ಷರಾ’ ಬರೆದಿದ್ದ. ಮೂಲ ಶ್ಲೋಕಗಳು ಒಂದೇ. ಓದಿದವರು ಇಬ್ಬರು, ಹಿಡಿದ ದಾರಿಗಳು ಎರಡು.

ಓದು ಬೇರೆಯಾದರೆ ಏನಾಗುತ್ತದೆ? ಉತ್ತರಾಧಿಕಾರ ಸಪಿಂಡರಿಗೆ ಸಲ್ಲಬೇಕು ಎನ್ನುತ್ತದೆ ಧರ್ಮಶಾಸ್ತ್ರ. ಒಂದೇ ದೇಹದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು ಎಂದು ವಿಜ್ಞಾನೇಶ್ವರ ವಿವರಿಸಿದ. ಬಂಗಾಳದ ಜೀಮೂತವಾಹನ ಪಿತೃಗಳಿಗೆ ಇಡುವ ಅನ್ನದ ಪಿಂಡವನ್ನು ಆಧಾರವಾಗಿಟ್ಟುಕೊಂಡ. ಈ ಎರಡು ಓದುಗಳ ಮೇಲೆ ಎರಡು ಕಾನೂನು ಪಂಥಗಳು ನಿಂತವು. ಬ್ರಿಟಿಷ್ ನ್ಯಾಯಾಲಯಗಳು ಅವನ್ನೇ ಹಿಡಿದು ತೀರ್ಪು ಕೊಟ್ಟವು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುವವರೆಗೆ ಹೊಲ, ಮನೆ, ಒಡವೆ ಯಾರ ಪಾಲಿಗೆ ಎಂಬುದು ಆ ಓದಿನ ಮೇಲೇ ನಿಂತಿತ್ತು.

ಈ ವ್ಯಾಖ್ಯಾನಕಾರರು ಮನಬಂದಂತೆ ಅರ್ಥ ಹೇಳಿದವರಲ್ಲ. ಅವರ ಬೆನ್ನಿಗೆ ಮೀಮಾಂಸೆಯ ಶಿಸ್ತಿತ್ತು. ಒಂದು ಪಠ್ಯದ ತಾತ್ಪರ್ಯ ತಿಳಿಯಬೇಕಾದರೆ ಅದು ಎಲ್ಲಿಂದ ಆರಂಭವಾಗಿ ಎಲ್ಲಿ ಮುಗಿಯುತ್ತದೆ, ಯಾವುದನ್ನು ಮತ್ತೆ ಮತ್ತೆ ಹೇಳುತ್ತದೆ, ಹೊಸದಾಗಿ ಏನು ಹೇಳುತ್ತದೆ, ಅದರ ಫಲವೇನು ಎಂದು ನೋಡಬೇಕು. ಮೀಮಾಂಸಕರೊಳಗೇ ದೊಡ್ಡ ಜಗಳವೂ ಇತ್ತು. ಪದಗಳು ತಮ್ಮ ತಮ್ಮ ಅರ್ಥ ಹೇಳಿದ ಮೇಲೆ ಅವು ಕೂಡಿ ವಾಕ್ಯಾರ್ಥ ಆಗುತ್ತದೆ ಎಂದರು ಕುಮಾರಿಲ ಭಟ್ಟನ ಕಡೆಯವರು. ಪ್ರಭಾಕರನ ಕಡೆಯವರು ಒಪ್ಪಲಿಲ್ಲ: ಪದ ಬಾಯಿಗೆ ಬರುವುದೇ ಇತರ ಪದಗಳ ಸಂಬಂಧದೊಳಗೆ, ಒಂಟಿ ಪದಕ್ಕೆ ಒಂಟಿ ಅರ್ಥ ಎಂಬುದೇ ಇಲ್ಲ. ಠಾಣೆಯ ಆಸ್ಥಾನದಲ್ಲಿ ಗ್ರಂಥ ಬರೆದ ಅಪರಾರ್ಕನಿಗೆ ಈ ವಾದ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಅರ್ಥ ಇರುವುದು ಪದದಲ್ಲೋ, ಪದಗಳ ನಡುವಿನ ನಂಟಿನಲ್ಲೋ, ಮಾತಾಡಿದ ಸಂದರ್ಭದಲ್ಲೋ ಎಂಬ ಈ ಪ್ರಶ್ನೆ ಎಂಟುನೂರು ವರ್ಷಗಳ ಬಳಿಕ ಇದೇ ನೆಲದ ಸುತ್ತಮುತ್ತ ಇನ್ನೊಂದು ವೇಷದಲ್ಲಿ ಎದ್ದು ನಿಂತಿತು.

ಈ ಬಾರಿ ಅದು ಎದ್ದದ್ದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ. 1950ರ ದಶಕದ ನಡುವೆ ಎಸ್.ಎಂ. ಕತ್ರೆಯವರ ನೇತೃತ್ವದಲ್ಲಿ, ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ, ಅಲ್ಲಿ ಭಾಷಾವಿಜ್ಞಾನದ ಬೇಸಿಗೆ ಶಾಲೆಗಳು ನಡೆದವು. ಭಾರತದ ಎಳೆಯ ಸಂಶೋಧಕರೂ ಅಮೆರಿಕದಿಂದ ಬಂದವರೂ ಒಂದೇ ಕೋಣೆಯಲ್ಲಿ ಕೂತು ಆಡುಮಾತನ್ನು ಬರೆದುಕೊಳ್ಳುವ ಕ್ರಮ ಕಲಿತರು. ವಿಲಿಯಂ ಬ್ರೈಟ್ ಆಡುಗನ್ನಡದ ಮೇಲೆ ಬರೆದ ಪುಸ್ತಕ 1958ರಲ್ಲಿ ಅಲ್ಲಿಂದಲೇ ಹೊರಬಂತು. ಅದೇ ಹೊತ್ತಿಗೆ ಅಲ್ಲಿ ಭಾಷಾವಿಜ್ಞಾನ ಕಲಿತ ಎ.ಕೆ. ರಾಮಾನುಜನ್ ಮುಂದೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋಗಿ ಕನ್ನಡ ವ್ಯಾಕರಣದ ಮೇಲೆ ಪ್ರಬಂಧ ಬರೆದು 1963ರಲ್ಲಿ ಡಾಕ್ಟರೇಟ್ ಪಡೆದರು. ವಿಲಿಯಂ ಮೆಕಾರ್ಮಕ್ ಧಾರವಾಡದಲ್ಲಿ ಕೂತು ಒಂದೇ ಊರಿನ ಕನ್ನಡ ಜಾತಿಯಿಂದ ಜಾತಿಗೆ ಹೇಗೆ ಬದಲಾಗುತ್ತದೆ ಎಂದು ಗುರುತಿಸಿದರು. ಅವರ ಬರಹ 1960ರಲ್ಲಿ ಪ್ರಕಟವಾದ ಸಂಪುಟವೊಂದರಲ್ಲಿ ಸೇರಿತು. ಆ ಸಂಪುಟದ ಸಂಪಾದಕರಲ್ಲಿ ಒಬ್ಬರು ಜಾನ್ ಗಂಪರ್ಜ್.

ಗಂಪರ್ಜ್ ಹುಟ್ಟಿದ್ದು 1922ರಲ್ಲಿ, ಜರ್ಮನಿಯ ಹಾಟಿಂಗೆನ್‌ನ ಯಹೂದಿ ಮನೆತನದಲ್ಲಿ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದರು. ಮೊದಲು ಓದಿದ್ದು ರಸಾಯನಶಾಸ್ತ್ರ. ಆಮೇಲೆ ಭಾಷೆಯ ಕಡೆಗೆ ತಿರುಗಿ, ಮಿಶಿಗನ್‌ನಲ್ಲಿ ನೆಲೆಸಿದ್ದ ಜರ್ಮನ್ ವಲಸಿಗರ ಉಪಭಾಷೆಯ ಮೇಲೆ 1954ರಲ್ಲಿ ಡಾಕ್ಟರೇಟ್ ಮಾಡಿದರು. ಅಲ್ಲಿಂದ ನೇರವಾಗಿ ಭಾರತ: ಮೊದಲು ಉತ್ತರಪ್ರದೇಶದ ಒಂದು ಹಳ್ಳಿ, ಬಳಿಕ ಪುಣೆ. 1956ರಿಂದ ಬರ್ಕ್‌ಲಿಯಲ್ಲಿ ಪಾಠ ಹೇಳತೊಡಗಿದರೂ ಭಾರತದ ಹಳ್ಳಿಗಳಿಗೆ ಬರುವುದನ್ನು ಬಿಡಲಿಲ್ಲ. ಹಾಗೆ ಅವರು ರಾಬರ್ಟ್ ವಿಲ್ಸನ್ ಜೊತೆ ಅಧ್ಯಯನ ಮಾಡಿದ ಊರು ಕುಪವಾಡ.

ಕುಪವಾಡ ಇಂದು ಸಾಂಗ್ಲಿ–ಮಿರಜ್–ಕುಪವಾಡ ಮಹಾನಗರಪಾಲಿಕೆಯ ಒಂದು ಭಾಗ. 1960ರ ದಶಕದಲ್ಲಿ ಅದು ಸುಮಾರು ಮೂರು ಸಾವಿರ ಜನರ ಹಳ್ಳಿ. ಜಮೀನು ಹೆಚ್ಚಾಗಿ ಜೈನರ ಕೈಯಲ್ಲಿತ್ತು. ಅವರ ಮನೆಮಾತು ಕನ್ನಡ; ಲಿಂಗಾಯತರದೂ ಕನ್ನಡ. ಮುಸ್ಲಿಮರ ಮನೆಯಲ್ಲಿ ಉರ್ದು. ದಲಿತರು ಮತ್ತು ಭೂಮಿಯಿಲ್ಲದ ಕೂಲಿಗಳಲ್ಲಿ ಮರಾಠಿ. ಹಗ್ಗ ಹೊಸೆಯುವವರ ಕೆಲವು ಮನೆಗಳಲ್ಲಿ ತೆಲುಗು. ಗಂಡಸರಲ್ಲಿ ಬಹುತೇಕರು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಶತಮಾನಗಳಿಂದ ಹೀಗೆಯೇ ನಡೆದುಬಂದ ಊರು.

ಅಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಕಂಡದ್ದು ಭಾಷಾವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಉದಾಹರಣೆಯಾಗಿದೆ. ‘ಒಂದಿಷ್ಟು ತಪ್ಪಲು (ಸೊಪ್ಪು) ಕೊಯ್ದು ತಂದೆ’ ಎಂಬಂಥ ಸಾದಾ ಮಾತನ್ನು ಅವರು ಮೂರು ಭಾಷೆಗಳಲ್ಲಿ ಕೇಳಿ ಬರೆದುಕೊಂಡರು. ಮೂರರಲ್ಲೂ ಮೊದಲು ತಪ್ಪಲಿನ ಹೆಸರು, ಆಮೇಲೆ ‘ಜರಾ’, ಆಮೇಲೆ ‘ಕೊಯ್ದು’, ಆಮೇಲೆ ‘ತಗೊಂಡು’, ಕೊನೆಗೆ ‘ಬಂದೆ’. ಪದಗಳು ಬೇರೆ, ಅವು ನಿಂತ ಸಾಲು ಒಂದೇ. ಒಂದರ ತುಣುಕು ತೆಗೆದು ಅದೇ ಜಾಗಕ್ಕೆ ಇನ್ನೊಂದರ ತುಣುಕು ಇಟ್ಟರೆ ಸಾಕು, ಅನುವಾದ ಮುಗಿಯಿತು. ಗ್ರಂಥಸ್ಥ ಕನ್ನಡದಲ್ಲಿ ‘ಇದು ನಮ್ಮ ಮನೆ’ ಎಂದರೆ ವಾಕ್ಯ ಪೂರ್ಣ, ಅಲ್ಲಿ ಕ್ರಿಯಾಪದ ಬೇಡ. ಕುಪವಾಡದ ಕನ್ನಡ ಮಾತ್ರ ಮರಾಠಿ, ಉರ್ದುಗಳ ಹಾಗೆ ಅಂಥ ವಾಕ್ಯಕ್ಕೆ ‘ಐತಿ’ ಸೇರಿಸಿಕೊಂಡಿತ್ತು. ಪ್ರಭಾವ ಒಂದೇ ದಿಕ್ಕಿನಲ್ಲಿ ಹರಿಯಲಿಲ್ಲ. ಮನುಷ್ಯರಲ್ಲದ ವಸ್ತುಗಳಿಗೆಲ್ಲ ಒಂದೇ ಲಿಂಗ ಎನ್ನುವ ಕನ್ನಡದ ಲೆಕ್ಕಾಚಾರ ಆ ಊರಿನ ಮರಾಠಿ, ಉರ್ದುಗಳೊಳಗೆ ಇಳಿದಿತ್ತು.

ವ್ಯಾಕರಣ ಇಷ್ಟು ಹತ್ತಿರ ಬಂದ ಮೇಲೆ ಮೂರು ಭಾಷೆ ಕೂಡಿ ಒಂದೇ ಆಗಬೇಕಿತ್ತಲ್ಲ, ಯಾಕೆ ಆಗಲಿಲ್ಲ? ಉತ್ತರ ಊರಿನ ಬಾಳುವೆಯಲ್ಲಿತ್ತು. ಮನೆಯೊಳಗಿನ ಮಾತು ಜಾತಿಯ, ಮನೆತನದ ಗುರುತು. ಜೈನ ರೈತ ಮನೆಯಲ್ಲಿ ಕನ್ನಡ ಆಡಿ, ಹೊಲದಲ್ಲಿ ಆಳಿನ ಜೊತೆ ಮರಾಠಿ ಆಡುತ್ತಿದ್ದ. ಮರಾಠಿ ಎಲ್ಲರಿಗೂ ಸೇರಿದ, ಯಾರನ್ನೂ ಒಳಗೆ ಕರೆಯದ ಹೊರಗೂ ತಳ್ಳದ ಮಾತು. ಹಾಗಾಗಿ ವ್ಯಾಕರಣ ಬೆರೆಯಿತು, ಪದಕೋಶಗಳು ಬೇರೆಯಾಗಿಯೇ ಉಳಿದವು. ‘ಬಾ’ ಎಂದರೂ ‘ಯೇ’ ಎಂದರೂ ಕರೆದದ್ದು ಒಂದೇ. ಆದರೆ ಕರೆದವರು ಯಾರು, ಕರೆಸಿಕೊಂಡವರು ಅವರಿಗೆ ಏನಾಗಬೇಕು ಎಂಬುದು ಆ ಆಯ್ಕೆಯಲ್ಲೇ ತಿಳಿಯುತ್ತಿತ್ತು. 1968ರಲ್ಲಿ ಜಮೈಕಾದ ಸಮ್ಮೇಳನವೊಂದರ ಹಿನ್ನೆಲೆಯಲ್ಲಿ ರೂಪುಗೊಂಡು 1971ರಲ್ಲಿ ಅಚ್ಚಾದ ಈ ಅಧ್ಯಯನದಿಂದ ಸಾಂಗ್ಲಿ ಜಿಲ್ಲೆಯ ಕನ್ನಡ ಲೋಕದ ಭಾಷಾಶಾಸ್ತ್ರಜ್ಞರಿಗೆಲ್ಲ ಪರಿಚಿತವಾಯಿತು.

ಗಂಪರ್ಜ್ ಅಲ್ಲಿಗೆ ನಿಲ್ಲಲಿಲ್ಲ. 1970ರ ದಶಕದಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ನೌಕರರ ಕ್ಯಾಂಟೀನಿನಲ್ಲಿ ಭಾರತ, ಪಾಕಿಸ್ತಾನಗಳಿಂದ ಬಂದ ಹೆಂಗಸರು ಬಡಿಸುವ ಕೆಲಸಕ್ಕೆ ಸೇರಿದ್ದರು. ಅವರು ಒರಟಾಗಿ ನಡೆದುಕೊಳ್ಳುತ್ತಾರೆ ಎಂಬ ದೂರು ಬಂತು. ಮಾತುಗಳನ್ನು ಧ್ವನಿಮುದ್ರಿಸಿ ಕೇಳಿದಾಗ ಗುಟ್ಟು ತಿಳಿಯಿತು. ಮಾಂಸದ ಸಾರು ಬೇಕೇ ಎಂದು ಕೇಳುವಾಗ ಇಂಗ್ಲಿಷ್ ಹೆಂಗಸರು ‘ಗ್ರೇವಿ’ ಎಂಬ ಒಂದೇ ಪದವನ್ನು ಕೊನೆಗೆ ದನಿ ಏರಿಸಿ ಹೇಳುತ್ತಿದ್ದರು. ಹೊಸಬರು ಅದೇ ಪದವನ್ನು ದನಿ ಇಳಿಸಿ ಹೇಳುತ್ತಿದ್ದರು. ಅವರ ಪಾಲಿಗೆ ಅದು ಸಹಜವಾದ ಉಪಚಾರ. ಕೇಳಿದವರ ಕಿವಿಗೆ ‘ಇದು ಗ್ರೇವಿ, ಬೇಕಾದರೆ ತಗೋ’ ಎಂಬ ಧೋರಣೆ. ಪದ ಒಂದೇ, ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ಮನಸ್ಸು ಕಹಿಯಾಗಿತ್ತು. ದನಿಯ ಏರಿಳಿತ, ನಿಲುಗಡೆ, ಭಾಷೆ ಬದಲಿಸುವ ಗಳಿಗೆ ಇವೆಲ್ಲ ಕೇಳುಗನಿಗೆ ‘ಈ ಮಾತನ್ನು ಹೀಗೆ ಹಿಡಿ’ ಎಂದು ತೋರಿಸುವ ಸುಳುಹುಗಳು ಎಂದು ಗಂಪರ್ಜ್ 1982ರ ‘ಡಿಸ್ಕೋರ್ಸ್ ಸ್ಟ್ರಾಟಜೀಸ್’ ಗ್ರಂಥದಲ್ಲಿ ವಿವರಿಸಿದರು. ಮಾತಿನ ಅರ್ಥಗ್ರಹಣದ ಅಧ್ಯಯನಕ್ಕೆ ಅದು ಅಡಿಪಾಯವಾಯಿತು. 2013ರಲ್ಲಿ ಅವರು ತೀರಿಕೊಂಡರು.

ಇತ್ತ ಡೆಕ್ಕನ್ ಕಾಲೇಜಿನಲ್ಲೇ ಕನ್ನಡದ ಒಬ್ಬ ಭಾಷಾವಿಜ್ಞಾನಿ ಇದೇ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚುತ್ತಿದ್ದರು. ಅವರು ಡಿ.ಎನ್. ಶಂಕರ ಭಟ್. ಈಶಾನ್ಯ ಭಾರತದ ಭಾಷೆಗಳಿಂದ ಹಿಡಿದು ಹವ್ಯಕ ಕನ್ನಡದವರೆಗೆ ಹತ್ತಾರು ಭಾಷೆಗಳನ್ನು ಕಿವಿಗೊಟ್ಟು ಕೇಳಿದವರು. ಅವರ ‘ದಿ ರೆಫರೆಂಟ್ಸ್ ಆಫ್ ನೌನ್ ಫ್ರೇಸಸ್’ ಪುಣೆಯಿಂದ 1979ರಲ್ಲಿ ಪ್ರಕಟವಾಯಿತು. ಮಾತಿನಲ್ಲಿ ಬರುವ ಒಂದು ನಾಮಪದ ಲೋಕದ ಯಾವುದಾದರೂ ನಿರ್ದಿಷ್ಟ ವಸ್ತುವನ್ನು ಬೆರಳು ಮಾಡಿ ತೋರಿಸುತ್ತದೆಯೇ, ಇಲ್ಲವೇ ಎಂಬುದು ಅದರ ವಿಷಯ. ಕನ್ನಡದ ಕಿವಿಗೆ ಇದು ಬೇಗ ತಿಳಿಯುತ್ತದೆ. ‘ಪುಸ್ತಕ ತಂದೆ’ ಎಂದರೆ ಯಾವುದೋ ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಕೇಳುಗನಿಗೆ ಮೊದಲೇ ಗೊತ್ತಿರುವ, ಮಾತಿನಲ್ಲಿ ಆಗಲೇ ಬಂದುಹೋದ ಪುಸ್ತಕ. ಎರಡೂ ಸರಿಯಾದ ವಾಕ್ಯಗಳೇ. ಯಾವುದನ್ನು ಬಳಸಬೇಕೆಂಬುದನ್ನು ಆ ವಾಕ್ಯದೊಳಗಿನ ವ್ಯಾಕರಣ ಹೇಳುವುದಿಲ್ಲ, ಅದಕ್ಕಿಂತ ಮುಂಚೆ ಇಬ್ಬರ ನಡುವೆ ನಡೆದ ಮಾತು ಹೇಳುತ್ತದೆ.

ಮನುಷ್ಯರ ಮಾತನ್ನು ಹೀಗೆ ಬಿಡಿಸಿ ನೋಡುತ್ತಿದ್ದ ಕಾಲದಲ್ಲೇ ಯಂತ್ರಕ್ಕೆ ಮಾತು ಕಲಿಸುವ ಹಂಬಲವೂ ಹುಟ್ಟಿತ್ತು. 1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ನ್ಯೂಯಾರ್ಕಿನಲ್ಲಿ ಒಂದು ಪ್ರದರ್ಶನ ಇಟ್ಟವು. 250 ಪದಗಳು, ಆರು ವ್ಯಾಕರಣ ನಿಯಮಗಳು. ಇಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯಗಳು ಇಂಗ್ಲಿಷಿಗೆ ಬಂದವು. ಮೂರೋ ಐದೋ ವರ್ಷಗಳಲ್ಲಿ ಸಮಸ್ಯೆ ಬಗೆಹರಿಯುತ್ತದೆ ಎಂಬ ಮಾತು ಕೇಳಿಬಂತು. ಹನ್ನೆರಡು ವರ್ಷಗಳ ಬಳಿಕ, 1966ರಲ್ಲಿ, ಅಮೆರಿಕ ಸರಕಾರ ನೇಮಿಸಿದ ಸಮಿತಿ ಯಂತ್ರಾನುವಾದದ ಫಲ ನಿರಾಶಾದಾಯಕ ಎಂದು ವರದಿ ಕೊಟ್ಟಿತು. ಕುಪವಾಡದ ಮೂರು ಭಾಷೆಗಳಂತೆ ಸಾಲಿಗೆ ಸಾಲು ಹೊಂದುವ ಭಾಷೆಗಳಾಗಿದ್ದರೆ ಆ ಯಂತ್ರ ಗೆದ್ದೀತು. ಆ ಹೊಂದಾಣಿಕೆ ಮಾತ್ರ ಶತಮಾನಗಳ ಕಾಲ ಒಂದೇ ಬಾವಿಯ ನೀರು ಕುಡಿದ ಜನರಿಂದ ಬಂದದ್ದು.

ಮುಂಬೈಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ತಂಡ ಕಟ್ಟಿದ ಗಣಕ 1960ರಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟವರು ನೆಹರೂ. ಗಣಕ ಕಟ್ಟಿದ ಮನುಷ್ಯ ಆಮೇಲಿನ ಬದುಕಿನ ಬಹುಭಾಗವನ್ನು ಭಾಷೆಯ ಪ್ರಶ್ನೆಗೆ ಕೊಟ್ಟದ್ದು ನಮ್ಮ ವಿಜ್ಞಾನದ ಇತಿಹಾಸದ ಗೌರವದ ಸಂಗತಿ. ಅವರ ‘ಮಾಡೆಲಿಂಗ್ ಲ್ಯಾಂಗ್ವೇಜ್ ಬಿಹೇವಿಯರ್’ 1981ರಲ್ಲಿ ಬಂತು. ಮಗು ಮಾತು ಕಲಿಯುವುದು ನಿಯಮಗಳ ಪಟ್ಟಿಯಿಂದಲ್ಲ, ತಾಯಿ ತಂದೆಯರ ಜೊತೆಗಿನ ಕೊಡು ಕೊಳ್ಳುವಿಕೆಯಿಂದ. ಕೇಳುವುದು, ಕೊಡುವುದು, ಬೇಡ ಎನ್ನುವುದು, ಅಣಕಿಸುವುದು ಇವೆಲ್ಲ ಸೇರಿದ ನಡವಳಿಕೆಯೇ ಭಾಷೆ ಎಂಬುದು ಅವರ ನಿಲುವು. ಆ ಸಂಸ್ಥೆಯಲ್ಲಿ ತಮಿಳು ಮನೆಗಳ ಮಕ್ಕಳ ಮಾತನ್ನು ಧ್ವನಿಮುದ್ರಿಸಿ ಅಧ್ಯಯನ ಮಾಡುವ ಕೆಲಸವೂ ನಡೆಯಿತು. ಕುಪವಾಡದ ಹೊಲದಲ್ಲಿ ಗಂಪರ್ಜ್ ಕಂಡದ್ದನ್ನು ನರಸಿಂಹನ್ ಗಣಕದ ಕಡೆಯಿಂದ ಬಂದು ಮುಟ್ಟಿದ್ದರು.

ಎಣಿಕೆ ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೂ ಅದೇ ಸಂಸ್ಥೆಯಲ್ಲಿ ಒಳ್ಳೆಯ ನಿದರ್ಶನವಿದೆ. ಐರಾವತಂ ಮಹಾದೇವನ್ ಸಿಂಧೂ ಲಿಪಿಯ 417 ಚಿಹ್ನೆಗಳ ಪದಸೂಚಿಯನ್ನು ಅಲ್ಲಿನ ಗಣಕದ ನೆರವಿನಿಂದ ಸಿದ್ಧಪಡಿಸಿ 1977ರಲ್ಲಿ ಪ್ರಕಟಿಸಿದರು. 2009ರಲ್ಲಿ ಅದೇ ಸಂಸ್ಥೆಯ ನಿಶಾ ಯಾದವ್, ಮಯಂಕ್ ವಾಹಿಯಾ ಮತ್ತು ಸಂಗಡಿಗರು, ರಾಜೇಶ್ ರಾವ್ ಅವರೊಂದಿಗೆ, ಆ ಚಿಹ್ನೆಗಳ ಸರಣಿಗೆ ಭಾಷಾ ಮಾದರಿ ಕಟ್ಟಿದರು. ಒಂದು ಚಿಹ್ನೆಯ ಬೆನ್ನಿಗೆ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆ ಎಂಬ ಎಣಿಕೆಯೇ ಅದರ ತಿರುಳು. 1913ರಲ್ಲಿ ರಷ್ಯದ ಮಾರ್ಕೊವ್ ಪುಷ್ಕಿನ್ನನ ಕಾವ್ಯದ 20,000 ಅಕ್ಷರಗಳನ್ನು ಎಣಿಸಿ ಆರಂಭಿಸಿದ ವಿಧಾನ ಅದು. ಆ ಮಾದರಿ ಒಡೆದ ಮುದ್ರೆಯಲ್ಲಿ ಅಳಿಸಿಹೋದ ಚಿಹ್ನೆ ಯಾವುದಿರಬಹುದು ಎಂದು ಊಹಿಸಬಲ್ಲದು. ಚಿಹ್ನೆಯ ಅರ್ಥ ಮಾತ್ರ ಅದಕ್ಕೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಮುದ್ರೆ ಒತ್ತಿದವನು ಯಾರು, ಯಾರಿಗೆ, ಯಾವ ವ್ಯವಹಾರಕ್ಕೆ ಎಂಬ ಸಂದರ್ಭ ಕಳೆದುಹೋದ ಮೇಲೆ ಸರಣಿಯ ಲೆಕ್ಕವಷ್ಟೇ ನಮಗೆ ಉಳಿದಿದೆ.

ಟಾಟಾ ಸಂಸ್ಥೆಯ ಗಣಕ ವಿಭಾಗವೊಂದು ಬೆಳೆದು 1985ರಲ್ಲಿ ಎಸ್. ರಮಣಿ ಅವರ ನಿರ್ದೇಶನದಲ್ಲಿ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವಾಯಿತು. ಜುಹುವಿನಿಂದ ಆರಂಭವಾದ ಅದು ನವಿ ಮುಂಬೈಗೂ ವಿಸ್ತರಿಸಿತು. ಮುಂದೆ ಸರಕಾರಿ ಗಣಕ ಸಂಸ್ಥೆಯಾದ ಸಿ-ಡ್ಯಾಕ್ ಜೊತೆ ವಿಲೀನವಾಗಿ, ಖಾರ್ಘರ್ ರೈಲು ನಿಲ್ದಾಣದ ಎದುರಿನ ನೆಲೆಯಲ್ಲಿ ಕೆಲಸ ಮುಂದುವರಿಯಿತು. ಇಂಗ್ಲಿಷ್ ಸುದ್ದಿಯನ್ನು ಹಿಂದಿಗೆ ತರುವ ‘ಮಾತ್ರಾ’ ಎಂಬ ವ್ಯವಸ್ಥೆ ಈ ಕೇಂದ್ರದ್ದು. ಅದರ ವಿನ್ಯಾಸದಲ್ಲಿ ಒಂದು ಪ್ರಾಮಾಣಿಕತೆಯಿತ್ತು. ವಾಕ್ಯಕ್ಕೆ ಎರಡರ್ಥ ಬರುವ ಕಡೆ ಯಂತ್ರ ಸುಮ್ಮನೆ ಊಹಿಸದೆ ಬಳಸುವವನ ಸಹಾಯ ಪಡೆಯುತ್ತಿತ್ತು. ಅರ್ಥ ನಿಶ್ಚಯಿಸಲು ಮನುಷ್ಯ ಬೇಕೆಂದು ಒಪ್ಪಿಕೊಂಡೇ ಆ ಕೆಲಸ ಶುರುವಾಗಿತ್ತು.

ಅಕ್ಷರಗಳ ವಿಷಯದಲ್ಲೂ ಆ ಕೇಂದ್ರಕ್ಕೆ ಕನ್ನಡಿಗರು ಋಣಿಗಳು. ಐಐಟಿಯಲ್ಲಿ ಪಾಠ ಹೇಳಿದ್ದ ಅಕ್ಷರ ವಿನ್ಯಾಸಕಾರ ಆರ್.ಕೆ. ಜೋಶಿ ಅಲ್ಲಿದ್ದಾಗ ವಿಂಡೋಸ್‌ಗಾಗಿ ಭಾರತೀಯ ಲಿಪಿಗಳ ಅಕ್ಷರಗಳನ್ನು ರೂಪಿಸುವ ಕೆಲಸ ನಡೆಸಿದರು. ಅನೇಕ ವರ್ಷ ಕನ್ನಡಿಗರ ಗಣಕಗಳಲ್ಲಿ ಕಾಣುತ್ತಿದ್ದ ‘ತುಂಗಾ’ ಆ ಮಾಲೆಯದು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕನ್ನಡ ಬೆರಳಚ್ಚನ್ನು ಸುಲಭ ಮಾಡಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಕನ್ನಡವೂ ಸೇರಿದಂತೆ ದ್ರಾವಿಡ ಭಾಷೆಗಳಿಗೆ ತಲಾ ಸುಮಾರು 30 ಲಕ್ಷ ಪದಗಳ ಪಠ್ಯಕೋಶ ಕಟ್ಟುವ ಕೆಲಸ ಕೈಗೆತ್ತಿಕೊಂಡಿತು. ಯಂತ್ರ ಕನ್ನಡ ಕಲಿಯಬೇಕಾದರೆ ಮೊದಲು ಬೇಕಾದ ಬುನಾದಿ ಹೀಗೆ ಬಿತ್ತು. ಕೊರತೆಯೂ ಅಲ್ಲೇ ಇತ್ತು: ಆ ಕೋಶಗಳಿಗೆ ಪಠ್ಯ ಬಂದದ್ದು ಅಚ್ಚಾದ ಪುಸ್ತಕ, ಪತ್ರಿಕೆಗಳಿಂದ.

2017ರಲ್ಲಿ ಗೂಗಲ್ ಸಂಶೋಧಕರು ಮುಂದಿಟ್ಟ ಟ್ರಾನ್ಸ್‌ಫಾರ್ಮರ್ ವಿನ್ಯಾಸದಿಂದ ಎಣಿಕೆಯ ಈ ವಿದ್ಯೆ ದೊಡ್ಡ ಜಿಗಿತ ಕಂಡಿತು. ಈಗಿನ ದೊಡ್ಡ ಭಾಷಾ ಮಾದರಿಗಳು ಪದಕ್ಕೆ ಒಂದೇ ಅರ್ಥ ಅಂಟಿಸುವುದಿಲ್ಲ. ಸುತ್ತಲಿನ ಪದಗಳನ್ನೆಲ್ಲ ನೋಡಿ ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಹಾಕುತ್ತವೆ. ಪ್ರಭಾಕರನ ಪಕ್ಷದವರು ಕೇಳಿದ್ದರೆ ತಮ್ಮ ವಾದಕ್ಕೆ ಸಾಕ್ಷಿ ಸಿಕ್ಕಿತೆನ್ನುತ್ತಿದ್ದರು. ಆದರೂ ಕನ್ನಡದ ಪಾಲಿಗೆ ದಾರಿ ಸಲೀಸಾಗಿಲ್ಲ. ‘ಬರಬೇಕಾಗಿತ್ತಂತೆ’ ಎಂಬುದು ನಮಗೆ ಒಂದೇ ಪದ. ಮುಖ್ಯವಾಗಿ ಇಂಗ್ಲಿಷಿಗೆ ಹೊಂದಿಸಿ ಕಟ್ಟಿದ ಯಂತ್ರ ಅದನ್ನು ಅನೇಕ ಚೂರುಗಳಾಗಿ ಒಡೆಯುತ್ತದೆ. ಚೂರು ಹೆಚ್ಚಾದಷ್ಟೂ ಖರ್ಚು ಹೆಚ್ಚು, ತಪ್ಪೂ ಹೆಚ್ಚು. ಆ ಪದದ ತುದಿಯಲ್ಲಿರುವ ‘ಅಂತೆ’ಯನ್ನು ನೋಡಿ. ಇದು ನಾನು ಕಂಡದ್ದಲ್ಲ, ಕೇಳಿದ್ದು; ಇದಕ್ಕೆ ನಾನು ಹೊಣೆಯಲ್ಲ ಎಂದು ಮಾತಾಡುವವ ಹಿಂದೆ ಸರಿದು ನಿಲ್ಲುವುದು ಆ ಎರಡಕ್ಷರದಲ್ಲಿ. ‘ಬಂದಾನು’, ‘ಬಂದನೇ’, ‘ಬಂದನೋ ಏನೋ’, ‘ಬಂದನಲ್ಲ’ ಒಂದೊಂದರಲ್ಲೂ ಆಡುವವನ ನಿಲುವು ಬೇರೆ. ‘ಬಂದನಲ್ಲ’ ಎಂಬುದಕ್ಕಂತೂ ದನಿ ಕೇಳದೆ ಅರ್ಥ ಹೇಳುವುದು ಕಷ್ಟ: ಅದು ಬೇಸರವೂ ಆಗಬಹುದು, ಸಂತೋಷವೂ ಆಗಬಹುದು. ಹೀಥ್ರೂವಿನ ‘ಗ್ರೇವಿ’ಯ ಸಮಸ್ಯೆ ಇದೇ.

ಇಂಥ ಮಾತಿನ ದೊಡ್ಡ ಭಂಡಾರ ಠಾಣೆ, ಡೊಂಬಿವಿಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ಇದೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ರೈಲು ಬಂತು, ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಆ ಹಳಿಯ ಗುಂಟ ಬೆಳೆದ ಊರುಗಳಿಗೆ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆ, ಗುಮಾಸ್ತಿಕೆಗೆ, ವ್ಯಾಪಾರಕ್ಕೆ ಜನ ಬಂದರು. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೂಲಿಗೆ ಬಂದರು. ಡೊಂಬಿವಿಲಿಯ ಕರ್ನಾಟಕ ಸಂಘ ಮಂಜುನಾಥ ಹೆಸರಿನ ಶಾಲೆ, ಕಾಲೇಜು ಕಟ್ಟಿತು. ಮನೆಯಲ್ಲಿ ತುಳುವೋ ಕೊಂಕಣಿಯೋ, ಸಂಘದಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ, ಗಾಡಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರು ಇಲ್ಲಿ ಸಾಮಾನ್ಯ. ‘ಪಗಾರ’, ‘ಖೋಲಿ’, ‘ಚಾಳ’, ‘ಡಬ್ಬಾ’ ಇವರ ಕನ್ನಡದ ನಿತ್ಯದ ಪದಗಳು. ‘ಇವತ್ತು ಫಾಸ್ಟ್ ಲೋಕಲ್ ಲೇಟಂತೆ’ ಎಂಬ ಮಾತಿನಲ್ಲಿ ಪದಗಳು ಬಹುಪಾಲು ಇಂಗ್ಲಿಷ್, ಆದರೆ ಯಾರಿಂದಲೋ ಕೇಳಿದ ಸುದ್ದಿ ಎಂದು ಸಾರುವ ಕೊನೆಯ ತುಣುಕು ಅಪ್ಪಟ ಕನ್ನಡ. ಕುಪವಾಡದಲ್ಲಿ ವ್ಯಾಕರಣ ಬೆರೆತು ಪದಗಳು ಬೇರೆ ಉಳಿದವು. ಈ ವಾಕ್ಯದಲ್ಲಿ ಪದಗಳು ಬೆರೆತು ವ್ಯಾಕರಣ ಉಳಿದಿದೆ. ಯಾಕೆ ಹೀಗೆ ಎಂದು ಕೇಳುವುದು ಒಂದು ಒಳ್ಳೆಯ ಸಂಶೋಧನೆಯ ಮೊದಲ ಹೆಜ್ಜೆ.

ಕುಪವಾಡಕ್ಕೆ ಸಂಶೋಧಕರು ಮರಳಿ ಹೋಗಿದ್ದಾರೆ. ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಾಲ್ಕು ದಶಕಗಳ ನಂತರದ ಆ ಊರಿನ ಮಾತನ್ನು ಹೊಸದಾಗಿ ಸಂಗ್ರಹಿಸಿ, ತುಣುಕಿಗೆ ತುಣುಕು ಅನುವಾದವಾಗುತ್ತದೆ ಎಂಬ ಹಳೆಯ ಸಿದ್ಧಾಂತವನ್ನು ವಿಮರ್ಶೆಗೆ ಒಡ್ಡಿದರು. ಅವರದೇ ಮುಂದಾಳತ್ವದಲ್ಲಿ ಮರಾಠಿ ಉಪಭಾಷೆಗಳ ಸಮೀಕ್ಷೆ ನಡೆದು, ಮಹಾರಾಷ್ಟ್ರದ ಜಿಲ್ಲೆ ಜಿಲ್ಲೆಗಳ ಆಡುಮಾತು ಧ್ವನಿಮುದ್ರಣವಾಯಿತು. ಮುಂಬೈ ಪ್ರಾಂತದ ಕನ್ನಡಕ್ಕೂ ಅಂಥ ಸಮೀಕ್ಷೆ ಬೇಕು. ಅದರಲ್ಲಿ ಬರೀ ಪದಪಟ್ಟಿ ಇದ್ದರೆ ಸಾಲದು. ಯಾರು ಯಾರೊಡನೆ ಆಡಿದರು, ಎಲ್ಲಿ, ಅವರಿಗೆ ಇವರೇನಾಗಬೇಕು, ಯಾವ ಮಾತಿಗೆ ಭಾಷೆ ಬದಲಾಯಿಸಿದರು, ದನಿ ಎಲ್ಲಿ ಏರಿತು ಎಂಬುದನ್ನೂ ಗುರುತಿಸಿಡಬೇಕು. ಮುಂಬೈ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ, ಊರೂರಿನಲ್ಲಿ ಸಂಘಗಳಿವೆ, ಖಾರ್ಘರ್‌ನಲ್ಲಿ ಗಣಕ ತಜ್ಞರಿದ್ದಾರೆ. ಕರಾವಳಿಯಿಂದಲೂ ಬಯಲುಸೀಮೆಯಿಂದಲೂ ಬಂದು ಇಲ್ಲಿ ನೆಲೆನಿಂತ ಮೊದಲ ತಲೆಮಾರಿನ ಹಿರಿಯರು ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಮೊಮ್ಮಕ್ಕಳ ಮಾತಿನ ಪಕ್ಕದಲ್ಲಿಟ್ಟು ದಾಖಲಿಸುವ ಕೆಲಸ ಈಗಲೇ ಆರಂಭವಾಗಬೇಕು. ಆ ದಾಖಲೆ ಭಾಷಾವಿಜ್ಞಾನಿಗಳಿಗೆ ಎರಡನೆಯ ಕುಪವಾಡವಾದೀತು, ಕನ್ನಡದ ಭಾಷಾ ಮಾದರಿಗಳಿಗೆ ಅಚ್ಚಿನ ಪುಟಗಳಲ್ಲಿ ಸಿಗದ ಜೀವಂತ ಸಂಭಾಷಣೆಯನ್ನು ಕೊಟ್ಟೀತು.